ಲೀಡರ್ ಸಂಗಟ ಬಂದೋರು ಕಾಯಂ ಆದ್ರ, ಪರೀಕ್ಷಾ ಬರಿಯೋರು ಏನ್ ಮಾಡ್ಬೇಕ್ರಿ?

ತೊಗರಿ_ನಾಡಿನಾಂವ (ಕಲಬುರಗಿ)

ಎಲ್ಲೋರಿಗೂ ನಮಸ್ಕಾರ್ರಿ. ನಂದು ಆಳಂದ ತಾಲ್ಲೂಕು, ಕಲಬುರಗಿದಾಗ ರೂಮ್ ಮಾಡ್ಕೊಂಡು ಎಫ್‌ಡಿಎ, ಪಿಡಿಓ ಅಂತ ಸರ್ಕಾರಿ ನೌಕ್ರಿ ಪರೀಕ್ಷಾಕ ಓದ್ಲಕತ್ತು ನಾಕ್ ವರ್ಷ ಆಯ್ತು. ಒಂದು ವಿಷಯ ಭಾಳ ದಿನದಿಂದ ತಲ್ಯಾಗ ಕುಂತದ, ತಿಳಿದೋರು ಯಾರರೆ ಬಿಡಿಸಿ ಹೇಳ್ರಿ.

ಡಿಗ್ರಿದಾಗ ನನ್ನ ಸಂಗಟ ಓದಿದ ಹುಡುಗ ಒಬ್ಬಾಂವ ಇದ್ದಾನ. ಎಲೆಕ್ಷನ್ ಟೈಮಿಗಿ ಒಬ್ಬ ಲೀಡರ್ ಗಾಡಿ ಹಿಂದ ತಿರಗ್ತಿದ್ದ, ಅದ್ರಾಗ ನನ್ನ ತಕರಾರು ಏನೂ ಇಲ್ಲ, ಪಾರ್ಟಿ ಕೆಲಸ ಮಾಡೋದು ತಪ್ಪಲ್ಲ. ಮುಂದ ಆ ಲೀಡರ್‌ಗ ಒಂದು ನಿಗಮದ ಅಧ್ಯಕ್ಷಗಿರಿ ಸಿಕ್ತು, ಇಂವನ್ನ ತಮ್ಮ ಆಪ್ತ ಸಹಾಯಕ ಅಂತ ಕರ್ಕೊಂಡು ಹೋದ್ರು. ಅಧ್ಯಕ್ಷರ ಅವಧಿ ಮುಗೀತು, ಅವರು ಮನಿಗಿ ಬಂದ್ರು, ಇಂವ ಬರ್ಲಿಲ್ಲ. ಅಲ್ಲೇ ಒಂದು ಏಜೆನ್ಸಿ ಮುಖಾಂತರ ಕಂಪ್ಯೂಟರ್ ಆಪರೇಟರ್ ಅಂತ ಕುಂತ. ಕಚೇರಿ ಯಾವುದು ಅಂತ ಬರಿಯೋದಿಲ್ರಿ. ಈಗ ಹಿಂಗ್ ಒಳಗ ಬಂದೋರ್ದೆಲ್ಲ ಒಂದು ಲಿಸ್ಟ್ ಮಾಡಿ ಕಾಯಂ ಮಾಡೋ ಫೈಲ್ ನಡ್ದದ ಅಂತ ಅವನೇ ಖುಷೀಲೆ ಹೇಳ್ಯಾನ.

ಅವನ ಮ್ಯಾಗ ನನಗ ಸಿಟ್ಟಿಲ್ಲ. ಆದ್ರ ಅಂವ ಹೇಳಿದ ದಿನ ರಾತ್ರಿ ಪುಸ್ತಕ ತೆಗೀಲಿಕ್ಕೆ ಮನಸ್ಸೇ ಆಗ್ಲಿಲ್ಲ. ನಮ್ಮಪ್ಪ ಈ ಸಲ ತೊಗರಿ ಮಾರಿದ ರೊಕ್ಕದಾಗ ಮೊದಲ ನನ್ನ ರೂಮ್ ಬಾಡಿಗಿ ಎತ್ತಿಟ್ಟು ಆಮ್ಯಾಲ ಬೀಜದಂಗಡಿ ಸಾಲ ಕೊಟ್ಟಾನ.

ಈಗ ನಮ್ಮ ಸೋದರಮಾವ ದಿನಾ ಫೋನ್ ಮಾಡ್ಲಕತ್ತಾನ. ಅವನಿಗಿ ಒಬ್ಬ ಲೀಡರ್ ಪರಿಚಯ ಅದಾರ. "ಬಯೋಡಾಟಾ ಕೊಡು, ಕಾಂಟ್ರ್ಯಾಕ್ಟ್ ಮ್ಯಾಗ ಸೇರಸ್ತೀನಿ, ಒಳಗ ಹೋಗಿ ಕುಂತಿ ಅಂದ್ರ ಐದಾರು ವರ್ಷದಾಗ ಕಾಯಂ ಆಗೇ ಆಗ್ತದ, ಓದಿ ಯಾರ್ ಉದ್ಧಾರ ಆಗ್ಯಾರ" ಅಂತಾನ. ಮುಂದಿನ ಸೋಮವಾರದೊಳಗ ಹೇಳ್ಬೇಕು.

ಕಾನೂನು ಪ್ರಕಾರ ಹಂಗ ಕಾಯಂ ಮಾಡ್ಲಿಕ್ಕೆ ಬರ್ತದೇನ್ರಿ? ಮತ್ತ ನಾ ಮಾವನ ಮಾತು ಕೇಳ್ಲೋ ಬ್ಯಾಡೋ, ಖರೇ ಹೇಳ್ರಿ.

ನಿವೃತ್ತ_ಶಿರಸ್ತೇದಾರ (ಬೀದರ)

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಮೂವತ್ತು ವರ್ಷದ ಮ್ಯಾಲೆ ಫೈಲು ನೋಡಿದ ಮನುಷ್ಯ ನಾನು, ಗೊತ್ತಿದ್ದಷ್ಟು ಹೇಳ್ತೀನಿ.

ಈ ವಿಷಯದಾಗ ದೊಡ್ಡ ತೀರ್ಪು ನಮ್ಮ ಕರ್ನಾಟಕದ ಕೇಸಿನ ಮ್ಯಾಲೇ ಬಂದದ. ಉಮಾದೇವಿ ಕೇಸ್ ಅಂತಾರ, 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐದು ಮಂದಿ ನ್ಯಾಯಮೂರ್ತಿಗಳ ಪೀಠ ಕೊಟ್ಟಿದ್ದು. ವಾಣಿಜ್ಯ ತೆರಿಗೆ ಇಲಾಖೆದಾಗ ದಿನಗೂಲಿ ಮ್ಯಾಲೆ ಇದ್ದವರು ಕಾಯಂ ಮಾಡ್ರಿ ಅಂತ ಕೋರ್ಟಿಗೆ ಹೋಗಿದ್ರು. ದಿನಗೂಲಿ ಮ್ಯಾಲೆ ಯಾರನ್ನೂ ತಗೋಬಾರದು ಅಂತ ಸರ್ಕಾರ ಹಾಕಿದ ಗಡುವು 1-7-1984, ನಮ್ಮ ಕಾಲದ ನೌಕರರಿಗೆ ಈ ತಾರೀಖು ಬಾಯಿಪಾಠ. ಅದಾದ ಮ್ಯಾಲೂ ತಗೊಂಡೇ ತಗೊಂಡ್ರು, ಹಂಗಾಗಿ ಕೇಸು ಅಲ್ಲಿ ತನಕ ಹೋಯ್ತು.

ಕೋರ್ಟ್ ಹೇಳಿದ್ದರ ತಾತ್ಪರ್ಯ ಏನಂದ್ರ, ಸರ್ಕಾರಿ ನೌಕರಿ ಅಂದ್ರ ಸಂವಿಧಾನದ 14 ಮತ್ತು 16ನೇ ವಿಧಿ ಪ್ರಕಾರ ಎಲ್ಲರಿಗೂ ಅರ್ಜಿ ಹಾಕೋ ಅವಕಾಶ ಇರಬೇಕು, ಹಿಂದಿನ ಬಾಗಲಿಂದ ಬಂದವರು ಎಷ್ಟು ವರ್ಷ ಕುಂತ್ರೂ ಅಷ್ಟಕ್ಕೇ ಹಕ್ಕು ಹುಟ್ಟೋದಿಲ್ಲ. ಆದ್ರ ಒಂದು ಕಿಟಕಿ ಬಿಟ್ರು. ಮಂಜೂರಾದ ಹುದ್ದೆ ಇರಬೇಕು, ಮನುಷ್ಯನಿಗೆ ಆ ಹುದ್ದೆಯ ವಿದ್ಯಾರ್ಹತೆ ಇರಬೇಕು, ಕೋರ್ಟಿನ ತಡೆಯಾಜ್ಞೆ ಬೆನ್ನಿಗೆ ಇಟ್ಕೊಳ್ಳದೇ ಹತ್ತು ವರ್ಷ ದುಡಿದಿರಬೇಕು, ಅಂಥವರನ್ನ ಒಂದೇ ಒಂದು ಸಲಕ್ಕೆ ಕಾಯಂ ಮಾಡಲಿಕ್ಕೆ ಪರಿಶೀಲನೆ ಮಾಡ್ರಿ ಅಂದ್ರು. ನೇಮಕಾತಿ ಕ್ರಮದಾಗ ಸಣ್ಣ ಲೋಪ ಇದ್ದದ್ದು ಬ್ಯಾರೆ, ನಿಯಮಾನೇ ಗಾಳಿಗೆ ತೂರಿ ಮಾಡಿದ್ದು ಬ್ಯಾರೆ, ಈ ಎರಡರ ನಡುವೆ ಕೋರ್ಟ್ ಗೆರೆ ಎಳೀತು.

ನಿನ್ನ ಗೆಳೆಯನ ವಿಷಯಕ್ಕೆ ಬಾ. ಅಧ್ಯಕ್ಷರ ಜೊತಿಗೆ ಬಂದ ಆಪ್ತ ಸಹಾಯಕನ ನೌಕರಿ ಅಧ್ಯಕ್ಷರ ಜೊತಿಗೇ ಮುಗೀಬೇಕು. ಆಮ್ಯಾಲ ಏಜೆನ್ಸಿ ಮುಖಾಂತರ ಬಂದ ಅಂದ್ರ ಕಾಗದದ ಮ್ಯಾಲೆ ಅಂವ ಏಜೆನ್ಸಿ ನೌಕರ, ಕಚೇರಿಗೂ ಅವನಿಗೂ ಆದೇಶದ ಸಂಬಂಧನೇ ಇಲ್ಲ. ಹಂಗಿದ್ದಾಂವನ್ನ ಕಾಯಂ ಮಾಡೋದು ಬಲ್ ಕಷ್ಟ. ಆದರೂ ಫೈಲು ಯಾಕ ನಡೀತದ ಅಂದ್ರ, ಲೆಟರ್‌ಹೆಡ್ ಮ್ಯಾಲೆ "ಸಹಾನುಭೂತಿಯಿಂದ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು" ಅಂತ ಒಂದು ಸಾಲು ಬರೆದು ಕೆಳಗ ಹಸಿರು ಇಂಕಿನ ಸಹಿ ಬಂದ್ರ ಅದನ್ನ ತಳ್ಳಿ ಹಾಕ್ಲಿಕ್ಕೆ ಕೇಸ್ ವರ್ಕರ್ ಕೈ ನಡಗ್ತದ. ನನ್ನ ಕೈನೂ ನಡಗಿದ ದಿನ ಅವ. ಒಂದು ಸಲ ಮಾತ್ರ ಟಿಪ್ಪಣಿದಾಗ "ಮಂಜೂರಾದ ಹುದ್ದೆ ಇರುವುದಿಲ್ಲ" ಅಂತ ಬರೆದು ಮ್ಯಾಲೆ ಕಳಿಸ್ದೆ, ಆ ಫೈಲು ಅಲ್ಲೇ ನಿಂತ್ತು, ಮುಂದಿನ ವರ್ಗಾವಣೆದಾಗ ನಾ ದೂರ ಹೋದೆ.

ಇನ್ನೊಂದು ಮಾತು, ಇದು ನಮ್ಮ ಭಾಗದ ಸಂಕಟ. ನಮ್ಮ ಅಪ್ಪಾಜಿ ನಿಜಾಮರ ಕಾಲದಾಗ ಮುಲ್ಕಿ ಸರ್ಟಿಫಿಕೇಟ್ ಹಿಡ್ಕೊಂಡು ನೌಕರಿಗೆ ಸೇರಿದವರು. 1919ರ ನಿಯಮ ಅದು, ಹದಿನೈದು ವರ್ಷ ಇಲ್ಲೇ ಬಾಳಿದವನೇ ಮುಲ್ಕಿ. ಹೊರಗಿನವರು ಬಂದು ಕುರ್ಚಿ ಹಿಡೀತಾರ ಅನ್ನೋ ನೋವು ಆಗಿನಿಂದ ಅದ. ಎಷ್ಟೋ ವರ್ಷ ಹೋರಾಡಿದ ಮ್ಯಾಲೆ ಸಂವಿಧಾನದಾಗ ನಮ್ಮ ಭಾಗಕ್ಕೆ ವಿಶೇಷ ಸವಲತ್ತು ಕೊಡೋ 371(ಜೆ) ವಿಧಿ ಬಂತು, 2013ರ ಆದೇಶದಾಗ ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗೆ ಶೇ 80, ಗ್ರೂಪ್ ಡಿಗೆ ಶೇ 85 ಸ್ಥಳೀಯರಿಗೇ ಅಂತ ಆಯ್ತು. ಆದ್ರ ಆ ಲೆಕ್ಕ ನಡಿಯೋದು ಅಧಿಸೂಚನೆ ಹೊರಡಿಸಿ ನೇಮಕ ಮಾಡಿದ್ರ ಮಾತ್ರ. ಶಿಫಾರಸಿನ ಮ್ಯಾಲೆ ಬಂದಾಂವನಿಗೆ ರೋಸ್ಟರ್ ಅಂದ್ರ ಯಾವ ಹುದ್ದೆ ಯಾವ ವರ್ಗಕ್ಕೆ ಅನ್ನೋ ಸರದಿ ಪಟ್ಟಿ ಇಲ್ಲ, ಮೀಸಲಾತಿ ಇಲ್ಲ, 371(ಜೆ) ಇಲ್ಲ. ಅಂವ ಒಂದು ಕುರ್ಚಿ ಹಿಡದ ಅಂದ್ರ, ಆಳಂದದ ಒಬ್ಬ ಪರಿಶಿಷ್ಟ ಜಾತಿ ಹೆಣ್ಮಗಳಿಗೆ ರೋಸ್ಟರ್ ಪ್ರಕಾರ ಬರಬೇಕಾದ ಕುರ್ಚಿನೂ ಅದೇ ಇರಬಹುದು, ಆಕಿಗೆ ಅದು ಗೊತ್ತೂ ಆಗೋದಿಲ್ಲ.

ಭೀಮಾ_ತೀರದಾಕಿ (ಯಾದಗಿರಿ)

ಸರ್ ಹೇಳಿದ್ದು ಬರೋಬ್ಬರಿ ಅದ, ಆದ್ರ ನನಗ ಒಂದ್ ಮಾತ್ ಹೇಳ್ಲಿಕ್ಕೆ ಬಿಡ್ರಿ. ಕಾಂಟ್ರ್ಯಾಕ್ಟ್ ಅಂದ ಕೂಡ್ಲೇ ಎಲ್ಲೋರ್ನೂ ಒಂದೇ ಚೀಲದಾಗ ತುಂಬ್ಬ್ಯಾಡ್ರಿ. ನಾ 2013ರಾಗ ಸೇರೀನಿ, ಪೇಪರ್‌ನಾಗ ಪ್ರಕಟಣೆ ಬಂದಿತ್ತು, ಮೆರಿಟ್ ಲಿಸ್ಟ್ ನೋಟಿಸ್ ಬೋರ್ಡಿಗಿ ಹಚ್ಚಿದ್ರು, ನನ್ನ ಹೆಸರು ಮೂರನೇದು, ಯಾರ ವಶೀಲಿನೂ ಹಚ್ಚಿಲ್ಲ. ಮುಂದ ಮೂರು ಸಲ ಏಜೆನ್ಸಿ ಬದಲಾದ್ವು. ಟೆಂಡರ್ ಬದಲಾದಾಗೆಲ್ಲ ಕಾಗದದಾಗ ನಂದು ಹೊಸ ನೌಕ್ರಿ. ಕುರ್ಚಿ ಅದೇ, ಕಂಪ್ಯೂಟರ್ ಅದೇ, ಬರೋ ಮಂದಿನೂ ಅದೇ. ಒಂದು ಸಲ ನಾಕ್ ತಿಂಗಳ ಪಗಾರ ನಿಂತಾಗ ಕಚೇರಿದೋರು ಏಜೆನ್ಸಿಗಿ ಕೇಳ್ರಿ ಅಂದ್ರು, ಏಜೆನ್ಸಿದೋರು ಬಿಲ್ ಆಗಿಲ್ಲ ಅಂದ್ರು, ನಾ ಮಗಳ ಫೀಸಿಗಿ ಕಿವಿಯೋಲೆ ಇಟ್ಟೀನಿ.

ಕಾಯಂ ನೌಕರರ ಹಾಜರಿ ಪುಸ್ತಕದಾಗ ನಮ್ಮ ಹೆಸರು ಇರೋದಿಲ್ರಿ. ನಮಗ ಬ್ಯಾರೆ ಒಂದು ಲಾಂಗ್ ನೋಟ್‌ಬುಕ್, ಸ್ಕೇಲ್ ಇಟ್ಟು ಗೆರಿ ನಾನೇ ಹೊಡೀತೀನಿ, ಪ್ರತಿ ತಿಂಗಳ ಒಂದನೇ ತಾರೀಖಿಗಿ. ಹನ್ನೆರಡು ಮಂದಿ ಹೆಸರಿನಾಗ ಕಡೀಕ ನನ್ನ ಹೆಸರು ಬರೀತೀನಿ. ಆ ಪುಸ್ತಕ ತುಂಬಿದ ಮ್ಯಾಗ ಎಲ್ಲಿ ಹೋಗ್ತದ ಅಂತ ಯಾರ್ಗೂ ಗೊತ್ತಿಲ್ಲ. ನಾಳಿ ನೀ ಇಷ್ಟು ವರ್ಷ ಇಲ್ಲಿ ಕೆಲಸ ಮಾಡೀದಿ ಅನ್ಲಿಕ್ಕೆ ಪುರಾವೆ ಏನ್ ಅದ ಅಂತ ಕೋರ್ಟ್ ಕೇಳಿದ್ರ ನಾ ಏನ್ ತೋರಸ್ಲಿ?

2024ರ ಡಿಸೆಂಬರ್‌ದಾಗ ಸುಪ್ರೀಂ ಕೋರ್ಟ್ ಜಗ್ಗೋ ಅನ್ನೋ ಕೇಸಿನಾಗ ಕೇಂದ್ರ ಜಲ ಆಯೋಗದಾಗ ಕಸ ಹೊಡೆಯೋ, ತೋಟದ ಕೆಲಸ ಮಾಡೋ ಮಂದಿಗಿ ಕಾಯಂ ಮಾಡ್ರಿ ಅಂತ ಹೇಳ್ಯಾದ, ಉಮಾದೇವಿ ತೀರ್ಪು ಹಿಡ್ಕೊಂಡು ವರ್ಷಗಟ್ಲೆ ದುಡಿದೋರ್ನ ಹೊರಗ ಹಾಕ್ಬಾರದು ಅಂತನೂ ಅಂದದ. ನಮ್ಮ ಆಸೆ ಇರೋದು ಅದರ ಮ್ಯಾಗ. ಆದ್ರ ನಮ್ಮ ಲಿಸ್ಟ್ ತಯಾರಾಗೋವಾಗ ಏನಾಗ್ತದ ಗೊತ್ತೇನ್ರಿ, ನಮ್ಮ ಹನ್ನೆರಡು ಹೆಸರಿನ ಕೆಳಗ ಮೊನ್ನಿ ಮೊನ್ನಿ ಲೀಡರ್ ಚೀಟಿ ತಂದೋರ್ದು ಐದಾರು ಹೆಸರು ಸೇರ್ಕೊಂತಾವ. ಆಮ್ಯಾಲ ಮ್ಯಾಲಿನೋರು ನೋಡಿ ಇದ್ರಾಗ ಗೋಲ್‌ಮಾಲ್ ಅದ ಅಂತ ಪೂರಾ ಲಿಸ್ಟೇ ವಾಪಸ್ ಕಳಸ್ತಾರ. ಅವರ ಸಲುವಾಗಿ ನಿಮಗಷ್ಟೇ ಅಲ್ಲ, ನಮಗೂ ಮೋಸ ಆಗ್ಯದ.

ತಮ್ಮಾ ನೀ ಮಾವನ ಮಾತು ಕೇಳಿ ಬಂದ್ರ ಕುಂಡ್ರೋದು ನನ್ನ ಬಾಜೂಕೇ. ಬಂದ್ ಕುಂತ್ ನೋಡಿದ ಮ್ಯಾಗ ಎದ್ದು ಹೋಗೋದು ಭಾಳ ತ್ರಾಸು, ವಯಸ್ಸು ಹೋಗ್ತದ, ಓದೋ ರೂಢಿನೂ ಹೋಗ್ತದ.

ಓದುಗ_ಜಗತ್‌ಸರ್ಕಲ್ (ಕಲಬುರಗಿ)

ಎಲ್ಲಾ ಸರಿ, ಆದ್ರ ಪರೀಕ್ಷಾ ಪರೀಕ್ಷಾ ಅಂತ ಹೇಳ್ತೀವಲ್ಲ, ಪರೀಕ್ಷಾ ಏನ್ ಸೋಸಿದ ನೀರಾಗ್ಯದೇನು? 545 ಪಿಎಸ್‌ಐ ಹುದ್ದೆಗಿ 2021ರ ಅಕ್ಟೋಬರ್ 3ಕ್ಕ ಪರೀಕ್ಷಾ ಆಯ್ತು, ಓಎಂಆರ್ ಶೀಟ್ ಅಂದ್ರ ಉತ್ತರದ ಹಾಳಿನಾಗ ಆಮ್ಯಾಲ ಗೋಲ ತುಂಬಿದ್ದು ಕಾರ್ಬನ್ ಕಾಪಿದಿಂದ ಹೊರಗ ಬಂತು, ಅದೂ ಮೊದಲ ಸಿಕ್ಕಿದ್ದು ನಮ್ಮೂರ ಕೇಂದ್ರದಾಗೇ, ದೇಶಕ್ಕೆಲ್ಲ ಕಲಬುರಗಿ ಹೆಸರು ಹಂಗ ಗೊತ್ತಾಯ್ತು. 2022ರ ಏಪ್ರಿಲ್‌ದಾಗ ರದ್ದು, ಮರುಪರೀಕ್ಷಾ ಆಗಿದ್ದು 2024ರ ಜನವರಿ 23ಕ್ಕ. ಖರೇನೇ ಓದಿ ಬರದೋರೂ ಅದ್ರಾಗ ಇದ್ರು, ಅವರು ಎರಡು ವರ್ಷದ ಮ್ಯಾಗ ಮತ್ತ ಶುರುಕಿಂದ ಶುರು. ನಡುವ 2023ರ ಅಕ್ಟೋಬರ್ 28ಕ್ಕ ನಿಗಮ ಮಂಡಳಿ ಎಫ್‌ಡಿಎ ಪರೀಕ್ಷಾದಾಗ ಬ್ಲೂಟೂತ್ ಹಚ್ಕೊಂಡು ಸಿಕ್ಕೋರೂ ಕಲಬುರಗಿ, ಯಾದಗಿರಿ ಕಡಿಯೋರೇ. 384 ಕೆಎಎಸ್ ಹುದ್ದೆಗಿ 2024ರ ಆಗಸ್ಟ್‌ದಾಗ ಪ್ರಿಲಿಮ್ಸ್ ಆದ್ರ ಕನ್ನಡ ಪ್ರಶ್ನಿಗಳು ಕನ್ನಡ ಬಲ್ಲೋರಿಗೇ ತಿಳೀಲಿಲ್ಲ, ಡಿಸೆಂಬರ್ 29ಕ್ಕ ಮತ್ತ ಬರಿಸಿದ್ರು.

ಹಂಗಂತ ಮಾವನ ದಾರಿ ಸರಿ ಅಂತ ನಾ ಹೇಳ್ಲಕತ್ತಿಲ್ಲ. ಹುಡುಗರು ವಶೀಲಿ ಕಡಿ ಯಾಕ ಹೊಳ್ತಾರ ಅಂದ್ರ ಮುಂಚಿ ಬಾಗಲ ಮುಂದ ನಿಂತು ನಿಂತು ಕಾಲ್ ಸೋಲ್ತಾವ. ಅಧಿಸೂಚನೆ ವರ್ಷಕ್ಕೊಮ್ಮೆ ಇಂಥ ತಿಂಗಳಿಗೇ ಅಂತ ಬರಬೇಕು, ಇಷ್ಟು ತಿಂಗಳದಾಗ ಮುಗೀಬೇಕು. ಅದು ಆಗೋ ತನಕ ಹುದ್ದೆ ಖಾಲಿ, ಖಾಲಿ ಹುದ್ದೆಗಿ ಔಟ್‌ಸೋರ್ಸ್, ಔಟ್‌ಸೋರ್ಸ್ ಅಂದ್ರ ಲೀಡರ್ ಚೀಟಿ, ಐದು ವರ್ಷ ಆದ ಮ್ಯಾಗ ಮಾನವೀಯತೆ ಮ್ಯಾಗ ಕಾಯಂ ಮಾಡ್ರಿ ಅಂತ ಧರಣಿ.

ಸೇಡಂದಿಂದ_ವರ್ಜೀನಿಯಾ

ನಾನು ಸೇಡಂನವ, ಈಗ ಅಮೆರಿಕಾದಲ್ಲಿ ಇದ್ದೀನಿ, ನಮ್ಮ ಬೀದಿಯಲ್ಲೇ ಮೂರು ನಾಲ್ಕು ಮಂದಿ ಫೆಡರಲ್ ನೌಕರರಿದ್ದಾರೆ, ಹಾಗಾಗಿ ಇಲ್ಲಿಯ ರೀತಿ ಸ್ವಲ್ಪ ಹೇಳ್ತೀನಿ. ಇಲ್ಲೂ ಇದೇ ರೋಗ ಇದೆ, ಅದಕ್ಕೆ 'ಬರೋಯಿಂಗ್ ಇನ್' ಅಂತ ಹೆಸರೂ ಇಟ್ಟಿದ್ದಾರೆ, ಬಿಲ ತೋಡೋದು ಅಂತ ಅದರ ಅರ್ಥ. ಅಧ್ಯಕ್ಷರು ಬದಲಾದಾಗ ಅವರ ಜೊತೆಗೆ ಬಂದು ಹೋಗುವ ರಾಜಕೀಯ ಹುದ್ದೆಗಳೇ ಸುಮಾರು 4,000 ಇವೆ. ಅವಧಿ ಮುಗಿಯುವ ಹೊತ್ತಿಗೆ ಅವರಲ್ಲಿ ಕೆಲವರು ಕಾಯಂ ಸೇವೆಯ ಹುದ್ದೆಗೆ ಜಾರಿಕೊಳ್ಳಲು ನೋಡ್ತಾರೆ.

ಇಲ್ಲಿ ಪೂರ್ತಿ ನಿಷೇಧ ಇಲ್ಲ. ರಾಜಕೀಯ ಹುದ್ದೆಯಲ್ಲಿದ್ದವರೂ ನಾಗರಿಕರೇ, ಅರ್ಜಿ ಹಾಕಬಹುದು, ಆದರೆ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಬೇಕು. 2010ರಿಂದ ಒಂದು ಕಟ್ಟುನಿಟ್ಟು ಇದೆ, ಕಳೆದ ಐದು ವರ್ಷದಲ್ಲಿ ರಾಜಕೀಯ ನೇಮಕದಲ್ಲಿ ಇದ್ದವರನ್ನ ಕಾಯಂ ಹುದ್ದೆಗೆ ತಗೋಬೇಕಾದ್ರೆ ಇಲಾಖೆ ಮೊದಲು ಓಪಿಎಂ ಅನ್ನೋ ಕೇಂದ್ರ ಸಿಬ್ಬಂದಿ ಕಚೇರಿಯ ಒಪ್ಪಿಗೆ ಪಡೀಬೇಕು. ಅವರು ನೋಡೋದು ಏನು ಅಂದ್ರೆ, ಪ್ರಕಟಣೆ ಎಲ್ಲರಿಗೂ ತೆರೆದಿತ್ತಾ, ಮಾಜಿ ಸೈನಿಕರಿಗೆ ಕೊಡಬೇಕಾದ ಆದ್ಯತೆ ಕೊಟ್ರಾ, ಹುದ್ದೆಯ ವಿವರಣೆಯನ್ನೇ ಆ ಮನುಷ್ಯನ ಅಳತೆ ತಗೊಂಡು ಅಂಗಿ ಹೊಲಿದ ಹಾಗೆ ಹೊಲಿದಿದ್ದಾರಾ. ಇಂಥವರ ವಿವರ ಸಂಸತ್ತಿಗೂ ಹೋಗುತ್ತೆ.

ಇದೆಲ್ಲ ಸುಮ್ಮನೆ ಬಂದದ್ದಲ್ಲ. 1881ರಲ್ಲಿ ನೌಕರಿ ಸಿಗಲಿಲ್ಲ ಅನ್ನೋ ಸಿಟ್ಟಿಗೆ ಒಬ್ಬ ಮನುಷ್ಯ ಆಗಿನ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ಹೊಡೆದ, ಅವರು ತೀರಿಕೊಂಡರು, ಅದರ ಬೆನ್ನಿಗೆ 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂತು, ಪರೀಕ್ಷೆ ಬರೆದು ನೌಕರಿ ಅನ್ನೋದು ಶುರುವಾಯ್ತು. ಮೊದಲಿಗೆ ಹತ್ತರಲ್ಲಿ ಒಂದು ಹುದ್ದೆಗೆ ಮಾತ್ರ ಅನ್ವಯ, ಉಳಿದದ್ದಕ್ಕೆ ಹಬ್ಬಲು ದಶಕಗಳೇ ಹಿಡಿದವು. 2025ರಲ್ಲಿ ಉಲ್ಟಾ ದಿಕ್ಕಿನ ಜಗಳ ಶುರುವಾಯ್ತು, ನೀತಿ ರೂಪಿಸುವ ಕಾಯಂ ಹುದ್ದೆಗಳನ್ನ ಸುಲಭವಾಗಿ ತೆಗೆದುಹಾಕಬಹುದಾದ ವರ್ಗಕ್ಕೆ ಸರಿಸುವ ಆದೇಶ ಬಂತು, ನಮ್ಮ ಬೀದಿಯವರ ಮುಖ ನೋಡಿದರೆ ಸಂಕಟ ಆಗುತ್ತೆ.

ನಮ್ಮಲ್ಲೂ ಆ ಐದು ವರ್ಷದ ನಿಯಮ ತರಬೇಕು ಅಂತ ನನ್ನ ಅಭಿಪ್ರಾಯ. ಸಚಿವರ, ಅಧ್ಯಕ್ಷರ ಆಪ್ತ ಶಾಖೆಯಲ್ಲಿ ಇದ್ದವರು ಐದು ವರ್ಷದೊಳಗೆ ಅದೇ ಇಲಾಖೆಗೆ ಯಾವ ರೂಪದಲ್ಲಿ ಬಂದರೂ, ಏಜೆನ್ಸಿ ಮೂಲಕ ಬಂದರೂ, ಅವರ ಹೆಸರು ವೆಬ್‌ಸೈಟಿಗೆ ಹಾಕಬೇಕು.

ನಿವೃತ್ತ_ಶಿರಸ್ತೇದಾರ (ಬೀದರ)

ಸೇಡಂ ತಮ್ಮಾ, ಹೆಸರು ಹಾಕೋದು ಒಳ್ಳೇ ಮಾತು. ಬಾಜೂ ಕೇರಳದಾಗ ಸಚಿವರ ಆಪ್ತ ಸಿಬ್ಬಂದಿ ಎರಡು ವರ್ಷ ದಾಟಿದ್ರ ಪಿಂಚಣಿ, 2022ರಾಗ ಅಲ್ಲಿ ರಾಜ್ಯಪಾಲರೇ ಅದನ್ನ ಎತ್ತಿ ಆಡಿದ್ರು.

ಯಾದಗಿರಿ ತಂಗಿ, ನಿನ್ನ ಮಾತು ನನಗ ನಾಟಿತು. ಮೊದಲೇ ಅದನ್ನ ಬಿಡಿಸಿ ಬರೀಬೇಕಿತ್ತು. ಪ್ರಕಟಣೆ, ಮೆರಿಟ್ ಲಿಸ್ಟ್ ಎರಡೂ ಇದ್ದವಲ್ಲ, ಅವೆರಡರ ನಕಲು ನಿನ್ನ ಬಲ್ಲಿ ಇದ್ರ ಅದು ಬಂಗಾರ, ಜೋಪಾನ ಇಟ್ಕೊ. ಆ ನೋಟ್‌ಬುಕ್ ತುಂಬಿದಾಗ ಪ್ರತಿ ಪುಟದ ಫೋಟೋ ತಗದು ಇಟ್ಕೊ. ನಿಮ್ಮಂಥವರಿಗೆ ಅಧಿಸೂಚನೆದಾಗೇ ವಯಸ್ಸಿನ ರಿಯಾಯಿತಿ, ಸೇವಾ ವರ್ಷಕ್ಕೆ ಇಷ್ಟು ಅಂತ ಕೃಪಾಂಕ ಕೊಟ್ಟು ಎಲ್ಲರ ಜೊತಿ ಪರೀಕ್ಷಾ ಬರಿಸ್ಬೇಕು ಅನ್ನೋದು ನನ್ನ ವಿಚಾರ.

ಭೀಮಾ_ತೀರದಾಕಿ (ಯಾದಗಿರಿ)

ಸರ್ ನನಗ ಈಗ ನಲವತ್ತೊಂದು. ಇಪ್ಪತ್ತೆರಡರ ಹುಡುಗರ ಸಂಗಟ ಮೆಂಟಲ್ ಎಬಿಲಿಟಿ ಬರೀ ಅಂದ್ರ ಹೆಂಗ್ರಿ? ದಿನಾ ಮಾಡೋ ಕೆಲಸದ ಮ್ಯಾಗೇ ಪರೀಕ್ಷಾ ಇಡ್ರಿ, ಟೈಪಿಂಗ್, ಟಪಾಲು, ಸಾಫ್ಟ್‌ವೇರ್, ನಾ ಯಾರ ಸಂಗಟ ಬೇಕಾದ್ರೂ ಕುಂಡ್ರತೀನಿ. ಫೋಟೋ ಮಾತ್ರ ಇವತ್ತೇ ತಗೀತೀನಿ.

ತೊಗರಿ_ನಾಡಿನಾಂವ (ಕಲಬುರಗಿ)

ಎಲ್ಲೋರ್ದೂ ಓದೀನ್ರಿ. ನಿನ್ನಿ ರಾತ್ರಿ ಮಾವನಿಗಿ ಫೋನ್ ಹಚ್ಚಿ ಬಯೋಡಾಟಾ ಕೊಡೋದಿಲ್ಲ ಅಂದೀನಿ. ಸಿಟ್ಟಾಗಿ ಫೋನ್ ಇಟ್ಟಾನ. ಅವ್ವಗ ಹೇಳ್ದೆ, ಆಕಿ ಭಾಳ ಹೊತ್ತು ಸುಮ್ಮನಿದ್ದು "ಜ್ವಾಳ ಕಳಸ್ತೀನಿ, ರೊಟ್ಟಿ ಮಾಡ್ಕೊಂಡು ತಿನ್ನು, ಹೊಟೇಲ್ ಬ್ಯಾಡ" ಅಂದ್ಳು. ಈ ಸಲ ಒಂದು ವರ್ಷ ಪೂರಾ ಓದ್ತೀನಿ.

ಆದ್ರ ಆ ಲಿಸ್ಟ್ ಫೈಲಿನ ವಿಷಯ ಬಿಡೋದಿಲ್ರಿ. ಗೆಳೆಯನ ಹೆಸರು ಎತ್ತಲಾರದಂಗ ಮಾಹಿತಿ ಹಕ್ಕಿನಾಗ ಅರ್ಜಿ ಹಾಕ್ಲಿಕ್ಕೆ ಬರ್ತದೇನು? ಶಿರಸ್ತೇದಾರ್ ಕಾಕಾ, ಹೆಂಗ್ ಬರೀಬೇಕು ಹೇಳ್ರಿ.

ನಿವೃತ್ತ_ಶಿರಸ್ತೇದಾರ (ಬೀದರ)

ಬರ್ತದ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗ ಇರಬೇಕು, ಉದ್ದ ಬರದ್ರ ಅದನ್ನೇ ನೆಪ ಮಾಡಿ ವಾಪಸ್ ಕಳಸ್ತಾರ. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚು. ಯಾರ ಹೆಸರೂ ಬ್ಯಾಡ, ಯಾಕ ಅಂತ ಪ್ರಶ್ನೆನೂ ಕೇಳಬ್ಯಾಡ, ದಾಖಲೆ ಕೇಳು. ಆ ಕಚೇರಿಗೆ ಮಂಜೂರಾದ ಹುದ್ದೆಗಳ ವೃಂದವಾರು ಪಟ್ಟಿ, ಅದ್ರಾಗ ಖಾಲಿ ಎಷ್ಟು. ಹೊರಗುತ್ತಿಗೆ ಮ್ಯಾಲೆ ಇರೋ ಸಿಬ್ಬಂದಿ ಸಂಖ್ಯೆ, ಅವರನ್ನ ತಗೊಂಡ ಆದೇಶದ ನಕಲು. ಸಕ್ರಮ ಮಾಡೋ ಪ್ರಸ್ತಾವನೆ ಕಳಿಸಿದ್ರ ಅದರ ಪತ್ರ ಸಂಖ್ಯೆ, ದಿನಾಂಕ, ಟಿಪ್ಪಣಿ ಹಾಳೆಯ ದೃಢೀಕೃತ ನಕಲು. ಕಡೇದು ಮರೀಬ್ಯಾಡ, ಈ ನೇಮಕಕ್ಕೆ 371(ಜೆ) ಮತ್ತು ಮೀಸಲಾತಿ ರೋಸ್ಟರ್ ಪಾಲಿಸಿದ ರಿಜಿಸ್ಟರಿನ ನಕಲು. ಅಲ್ಲೇ ಅವರಿಗೆ ಕೊಡಲಿಕ್ಕೆ ಏನೂ ಇರೋದಿಲ್ಲ.

30 ದಿನ ಕಾಯಿ. ಬರದಿದ್ರ ಮುಂದಿನ 30 ದಿನದೊಳಗ ಮೇಲಧಿಕಾರಿಗೆ ಮೊದಲನೇ ಮೇಲ್ಮನವಿ ಹಾಕು. ಡ್ರಾಫ್ಟ್ ಇಲ್ಲಿ ಹಚ್ಚು, ಕೆಂಪು ಪೆನ್ನು ನಾ ಹಿಡೀತೀನಿ.

ಭೀಮಾ_ತೀರದಾಕಿ (ಯಾದಗಿರಿ)

ಡ್ರಾಫ್ಟ್ ಹಚ್ಚಿದ ಮ್ಯಾಗ ನನಗೂ ಹೇಳು ತಮ್ಮಾ. ಅದ್ರಾಗಿಂದ ಟಿಪ್ಪಣಿ ಹಾಳೆಯ ಸಾಲು ನಾ ನಮ್ಮ ಕಡಿನೂ ಹಾಕ್ತೀನಿ, ನಮ್ಮ ಹನ್ನೆರಡು ಮಂದಿ ಲಿಸ್ಟ್ ಎಲ್ಲಿಗಿ ಬಂದು ನಿಂತದ ಅಂತ ನೋಡ್ಬೇಕಾಗ್ಯದ.